ಹುಬ್ಬಳ್ಳಿಗೆ ಟ್ರಾಮು, ವಜ್ರಳ್ಳಿಗೆ ಮೂರು ಮೆಟ್ಟಿಲು

ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ.

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಟ್ರಾಮ್ ತರೋ ಸುದ್ದಿಯ ತುಣುಕು ಹಾಕಿ, "ಇದರ ಬಗ್ಗೆ ನಾವೂ ಮಾತಾಡಬೇಕು" ಅಂತ ಬರೆದೆ. ಹತ್ತು ನಿಮಿಷದಲ್ಲಿ ಮೂರು ನಗುವ ಮುಖ ಬಂದವು. ಒಬ್ಬ ಗೆಳೆಯ, ನನಗಿಂತ ಹೆಚ್ಚು ಸಲ ಲಾಠಿ ಏಟು ತಿಂದವನು, "ಅಣ್ಣಾ, ನಮ್ಮ ಕೇರಿಯಲ್ಲಿ ಹೆಣ ಹೂಳೋಕೆ ಜಾಗ ಇಲ್ಲ, ನೀನು ಟ್ರಾಮ್ ಅಂತೀಯಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ಸುಳ್ಳೂ ಅಲ್ಲ. ಆದರೆ ಗುಂಪಿನಲ್ಲಿ ಉತ್ತರ ಕೊಡೋಕೆ ಹೋದ್ರೆ ಅದು ಶುಭೋದಯದ ಹೂವುಗಳ ನಡುವೆ ಮುಳುಗಿ ಹೋಗ್ತದೆ. ಅದಕ್ಕೆ ಇಲ್ಲಿ ಬರೀತಾ ಇದೀನಿ.

ಮೊದಲು ನಮ್ಮ ಅವ್ವನ ವಿಷಯ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ತೋಟದ ಕೆಲಸ ಮುಗಿಸಿ ಬರೋವಾಗ ಕಾಲುಸಂಕದ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರೀತು. ಯಲ್ಲಾಪುರದಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದ್ರು. ಉತ್ತರ ಕನ್ನಡದವರಿಗೆ ಇದು ಗೊತ್ತಿರೋ ಕಥೆ. ಈ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದ್ರೆ ಹುಬ್ಬಳ್ಳಿ ಅಥವಾ ಮಂಗಳೂರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ತುಂಬ ಎಷ್ಟು ಕೂಗಿದ್ವಿ, ನೆನಪಿದೆಯಲ್ಲ. ಅಂತೂ ಆಪರೇಷನ್ ಆಯ್ತು, ಕೋಲು ಹಿಡಿದು ನಡೆಯೋ ಹಾಗಾದಳು. ಆಮೇಲೆ ಎರಡೆರಡು ತಿಂಗಳಿಗೆ ತೋರಿಸೋಕೆ ಹೋಗಬೇಕು. ವಜ್ರಳ್ಳಿಯಿಂದ ಯಲ್ಲಾಪುರಕ್ಕೆ ಒಂದು ಬಸ್ಸು. ಅಲ್ಲಿಂದ ಕಲಘಟಗಿ ಮೇಲೆ ಹುಬ್ಬಳ್ಳಿಗೆ ಎಪ್ಪತ್ತು ಕಿಲೋಮೀಟರ್ ಹತ್ತಿರ ಇನ್ನೊಂದು ಬಸ್ಸು. ಹುಬ್ಬಳ್ಳಿಯಲ್ಲಿ ಇಳಿದು ಆಸ್ಪತ್ರೆಗೆ ಚಿಗರಿ.

ನಮ್ಮೂರಿಗೆ ಬರೋ ಬಸ್ಸಿನ ಬಾಗಿಲಲ್ಲಿ ಮೂರು ಮೆಟ್ಟಿಲು. ಮೊದಲನೇ ಮೆಟ್ಟಿಲು ನೆಲದಿಂದ ಹದಿನೇಳು ಇಂಚು. ಟೇಪು ಹಿಡಿದು ನಾನೇ ಅಳೆದದ್ದು, ಡ್ರೈವರ್ ನಕ್ಕ. ಬಸ್ಸು ರಸ್ತೆ ಮೇಲೆ ನಿಂತು ಜನ ಪಕ್ಕದ ಇಳಿಜಾರಲ್ಲಿ ನಿಂತಿದ್ರೆ ಅದು ಇಪ್ಪತ್ತರ ಮೇಲೆ ಹೋಗ್ತದೆ. ಸೊಂಟ ಗಟ್ಟಿ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ. ಸೊಂಟಕ್ಕೆ ರಾಡು ಹಾಕಿಸಿಕೊಂಡ ಮುದುಕಿಗೆ ಅದು ಗೋಡೆ. ಅವಳು ಹತ್ತಬೇಕಂದ್ರೆ ಕೆಳಗಿಂದ ಒಬ್ಬರು ಎತ್ತಬೇಕು, ಮೇಲಿಂದ ಒಬ್ಬರು ಕೈ ಕೊಡಬೇಕು.

ಕೆಳಗೆ ನಾನಿರ್ತೀನಿ. ಮೇಲೆ ಯಾರು?

ನನ್ನ ಇಡೀ ಬರಹ ಇರೋದು ಈ ಎರಡು ಪದದ ಪ್ರಶ್ನೆಯಲ್ಲಿ. ಹಳ್ಳಿ ಬಸ್ಸು ಅಂದ್ರೆ ಅಪರಿಚಿತರ ಬಸ್ಸಲ್ಲ. ಯಾರು ಯಾವ ಮನೆಯವರು, ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು. ಮೊದಲ ಸಲ ಕರ್ಕೊಂಡು ಹೋದಾಗ ಬಾಗಿಲ ಹತ್ತಿರದ ಸೀಟಲ್ಲಿ ಇಬ್ಬರು ಕೂತಿದ್ರು. ಕಂಡಕ್ಟರ್ ಹಿಂದಿಂದ "ಯಾರಾದ್ರೂ ಕೈ ಕೊಡ್ರೀ ಮುದುಕಿಗೆ" ಅಂತ ಕೂಗಿದ. ಇಬ್ಬರೂ ಕಿಟಕಿ ಕಡೆ ನೋಡಿದ್ರು. ಬಯ್ಯಲಿಲ್ಲ, ದೂರ ಹೋಗು ಅನ್ನಲಿಲ್ಲ. ಬರೀ ಕಿಟಕಿ ಕಡೆ ನೋಡಿದ್ರು. ಹಿಂದಿನ ಸೀಟಿಂದ ಕಾಲೇಜಿಗೆ ಹೋಗೋ ಹುಡುಗಿಯೊಬ್ಬಳು ಎದ್ದು ಬಂದು ಕೈ ಚಾಚಿದಳು. ಆಗ ನಮ್ಮ ಅವ್ವ ಏನು ಮಾಡಿದಳು ಗೊತ್ತಾ? ಆ ಹುಡುಗಿಯ ಮುಖ ನೋಡಿದಳು. ಯಾರ ಮನೆ ಮಗಳು ಅಂತ ಗುರುತು ಹಿಡಿಯೋಕೆ ನೋಡಿದಳು. ಗುರುತು ಸಿಕ್ತು. ಕೈ ಹಿಡೀಲಿಲ್ಲ. ಬಾಗಿಲ ಕಂಬಿ ಹಿಡಕೊಂಡು, ಹಲ್ಲು ಕಚ್ಚಿ, ಮೊಣಕಾಲು ಊರಿ ಹತ್ತಿದಳು. ಸೀರೆಗೆಲ್ಲ ಕೆಸರು.

ಆಮೇಲೆ ಕೇಳಿದೆ, "ಯಾಕವ್ವ, ಅವಳಾಗೇ ಕೈ ಕೊಟ್ಟಳಲ್ಲ?" ಅಂತ. "ಬ್ಯಾಡ ತಮಾ, ನಾಳೆ ಅವರ ಮನೇಲಿ ಆ ಹುಡುಗಿಗೆ ಬೈತಾರೆ" ಅಂದಳು.

ಎಪ್ಪತ್ತು ವರ್ಷದ ಹೆಂಗಸು ಮುರಿದ ಸೊಂಟದಲ್ಲೂ ಈ ಲೆಕ್ಕ ಹಾಕ್ತಾಳೆ. ಕಾನೂನಲ್ಲಿ ಅಸ್ಪೃಶ್ಯತೆ ಸತ್ತು ಎಷ್ಟೋ ವರ್ಷ ಆಯ್ತು. ಸಂವಿಧಾನದ 17ನೇ ವಿಧಿ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಸಾರ್ವಜನಿಕ ವಾಹನದಲ್ಲಿ ತಡೆದ್ರೆ ಅಪರಾಧ ಅಂತದೆ. ಇಲ್ಲಿ ಯಾರೂ ತಡೀಲಿಲ್ಲ ಸ್ವಾಮಿ! ಟಿಕೆಟ್ ಕೊಟ್ಟರು, ಸೀಟು ಕೊಟ್ಟರು. ಕೈ ಮಾತ್ರ ಕೊಡಲಿಲ್ಲ. ಕೈ ಕೊಡದೆ ಇರೋದಕ್ಕೆ ಯಾವ ಠಾಣೆಯಲ್ಲಿ ಎಫ್‌ಐಆರ್ ಮಾಡ್ತೀರಿ?

ಈಗ ಹುಬ್ಬಳ್ಳಿಗೆ ಬನ್ನಿ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ನಿಮಗೆ ಗೊತ್ತಿರಬಹುದು. 22 ಕಿಲೋಮೀಟರ್ ರಸ್ತೆಯ ನಡುವೆ ಬಸ್ಸಿಗೇ ಬೇರೆ ದಾರಿ. 2018ರ ಅಕ್ಟೋಬರಿನಲ್ಲಿ ಓಡೋಕೆ ಶುರುವಾಯ್ತು, 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿಯಾಗಿದ್ದ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದ್ರು. ಬಸ್ಸಿನ ಹೆಸರು ಚಿಗರಿ. ಚಿಗರಿಯ ನೆಲ ತಗ್ಗಿನದ್ದಲ್ಲ, ಎತ್ತರದ್ದೇ. ಆದರೆ ನಿಲ್ದಾಣದ ಕಟ್ಟೆಯನ್ನು ಆ ನೆಲದ ಸಮಕ್ಕೆ ಎತ್ತರಿಸಿ ಕಟ್ಟಿದ್ದಾರೆ. ಇಳಿಜಾರು ದಾರಿಯಲ್ಲಿ ಕಟ್ಟೆ ಮೇಲೆ ಹೋಗಿ ನಿಂತರೆ ಬಸ್ಸು ಪಕ್ಕಕ್ಕೆ ಬಂದು ನಿಲ್ತದೆ, ಬಾಗಿಲು ತೆರೀತದೆ, ಪಡಸಾಲೆಯಿಂದ ಒಳಮನೆಗೆ ಹೋದ ಹಾಗೆ ಒಳಗೆ ಹೋಗಬಹುದು.

ಮೊದಲ ಸಲ ಅವ್ವ ಬಾಗಿಲ ಮುಂದೆ ನಿಂತು ಅಭ್ಯಾಸಬಲದಿಂದ ಕಂಬಿ ಹುಡುಕಿದಳು. ಆಮೇಲೆ ಕೆಳಗೆ ನೋಡಿದಳು. "ಇದ್ಕೆ ಮೆಟ್ಲೇ ಇಲ್ವಲೋ ತಮಾ" ಅಂದು ಕೋಲು ಊರಿಕೊಂಡು ಒಳಗೆ ಹೋಗಿ ಕೂತಳು. ನನ್ನ ಕೈನೂ ಹಿಡೀಲಿಲ್ಲ. ಯಾರ ಮುಖಾನೂ ನೋಡಲಿಲ್ಲ.

ನಾನು ಬಿ.ಎ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ಬಸ್ಸಿನ ನೆಲದ ಎತ್ತರ ಅನ್ನೋದು ಎಂಜಿನಿಯರುಗಳಿಗೆ ಬಿಟ್ಟುಬಿಡೋ ವಿಷಯ ಅಲ್ಲ ಅಂತ ಅವತ್ತು ಗೊತ್ತಾಯ್ತು. ಮೆಟ್ಟಿಲು ಇದ್ದಲ್ಲಿ ಕೈ ಕೇಳಬೇಕು. ಕೈ ಕೇಳೋ ಜಾಗದಲ್ಲಿ ಜಾತಿ ಬಂದು ಕೂತಿರ್ತದೆ. ಮೆಟ್ಟಿಲು ತೆಗೆದ್ರೆ ಜಾತಿ ಸಾಯೋದಿಲ್ಲ, ಅಷ್ಟು ಮುಗ್ಧ ನಾನಲ್ಲ. ಆದರೆ ಅದಕ್ಕೆ ಕೂರೋಕೆ ಒಂದು ಜಾಗ ಕಮ್ಮಿ ಆಗ್ತದೆ.

ಗೆಳೆಯ ಕೇಳಿದ್ನಲ್ಲ, ನಮಗೂ ಬಂಡಿಗೂ ಏನು ಸಂಬಂಧ ಅನ್ನೋ ಧಾಟಿಯಲ್ಲಿ. ಬಾಬಾಸಾಹೇಬರನ್ನೇ ಕೇಳು ತಮ್ಮಾ. 1929ರಲ್ಲಿ ಅವರು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಓಡಾಡ್ತಿದ್ರು. ಚಾಳೀಸಗಾಂವ್ ನಿಲ್ದಾಣದಲ್ಲಿ ಇಳಿದಾಗ ಟಾಂಗಾ ಹೊಡೆಯೋರು ಯಾರೂ ಅವರನ್ನು ಕೂರಿಸಿಕೊಂಡು ಹೋಗೋಕೆ ಒಪ್ಪಲಿಲ್ಲ. ಕೊನೆಗೆ ಟಾಂಗಾ ಬಾಡಿಗೆಗೆ ಕೊಡ್ತೀವಿ, ಹೊಡೆಯೋದು ನೀವೇ ಅಂದ್ರು. ಟಾಂಗಾ ಹೊಡೆದು ಗೊತ್ತಿಲ್ಲದ ಮಹಾರ್ ಕೇರಿಯ ಒಬ್ಬರು ಲಗಾಮು ಹಿಡಿದ್ರು. ಮೋರಿ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಎಸೆಯಲ್ಪಟ್ಟು ಕಾಲು ಮುರೀತು. ಬ್ಯಾರಿಸ್ಟರ್ ಅವರು, ವಿದೇಶದ ದೊಡ್ಡ ವಿಶ್ವವಿದ್ಯಾಲಯಗಳ ಡಾಕ್ಟರೇಟ್ ಪಡೆದವರು. ಯಾರೋ ಒಬ್ಬ ಲಗಾಮು ಹಿಡಿಯಲ್ಲ ಅಂದದ್ದಕ್ಕೆ ಅವರ ಮೂಳೆ ಮುರೀತು. ಇದನ್ನೆಲ್ಲ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿಟ್ಟಿದ್ದಾರೆ. ಅದಕ್ಕೂ ಮೊದಲು, 1893ರಲ್ಲಿ, ತಿರುವಾಂಕೂರಲ್ಲಿ ಅಯ್ಯಂಕಾಳಿ ಎತ್ತಿನ ಗಾಡಿ ಕೊಂಡು ನಮ್ಮವರು ಕಾಲಿಡಬಾರದು ಅಂದಿದ್ದ ರಸ್ತೆಯಲ್ಲಿ ಅದನ್ನು ಓಡಿಸಿದ್ರು. ಬಂಡಿ, ರಸ್ತೆ, ಗಾಲಿ ಯಾವತ್ತೂ ನಮ್ಮ ಹೋರಾಟದ ಹೊರಗಿನ ವಿಷಯ ಆಗಿರಲಿಲ್ಲ. ನಾವೇ ಮರೆತಿದ್ದೀವಿ.

ಈಗ ಟ್ರಾಮಿಗೆ ಬರ್ತೀನಿ. ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಅವರು ಬಿಆರ್‌ಟಿಎಸ್ ಜಾಗಕ್ಕೆ ಎಲೆಕ್ಟ್ರಿಕ್ ರ್‍ಯಾಪಿಡ್ ಟ್ರಾನ್ಸಿಟ್ ತರೋ ಮಾತಾಡ್ತಾ ಬಂದಿದ್ದಾರೆ. ಸ್ವಿಟ್ಜರ್ಲೆಂಡಿನ ಹೆಸ್ ಕಂಪನಿಯ ಹೆಸರೂ ಇದರ ಜೊತೆ ಓಡಾಡ್ತಿದೆ. ಜನ ಇದನ್ನು ಟ್ರಾಮ್ ಅಂತಾರೆ. ನಿಜ ಹೇಳಬೇಕಂದ್ರೆ ಆ ಕಂಪನಿ ಮಾಡೋದು ಹಳಿಯ ಮೇಲಿನ ಟ್ರಾಮ್ ಅಲ್ಲ. ಎರಡು ಕಡೆ ಕೀಲಿರೋ, ಸುಮಾರು 25 ಮೀಟರ್ ಉದ್ದದ, ರಬ್ಬರ್ ಗಾಲಿಯ, ಇನ್ನೂರಕ್ಕೂ ಹೆಚ್ಚು ಜನ ಹಿಡಿಯೋ ಕರೆಂಟಿನ ಬಸ್ಸು. ಕಂಪನಿ ಇಟ್ಟ ಹೆಸರಲ್ಲಿ ಮಾತ್ರ ಟ್ರಾಮ್ ಇದೆ. ಇರಲಿ, ಹೆಸರು ಏನಾದ್ರೂ ಇಟ್ಟುಕೊಳ್ಳಿ. ಅದರ ವಿಶೇಷ ಏನಂದ್ರೆ ನೆಲ ತಗ್ಗು, ನೆಲದಿಂದ ಒಂದು ಗೇಣು ಚಿಲ್ಲರೆ ಅಷ್ಟೇ. ಎಂಜಿನ್ನು, ಗೇರು, ಅಚ್ಚು ಇವೆಲ್ಲ ಕೆಳಗೆ ಇರೋದ್ರಿಂದಲೇ ಹಳೆ ಬಸ್ಸಿನ ನೆಲ ಎತ್ತರ. ಕರೆಂಟಿನ ಬಂಡಿಯಲ್ಲಿ ಬ್ಯಾಟರಿ ಮತ್ತೆ ಬಹಳಷ್ಟು ಸಾಮಾನು ಚಾವಣಿ ಮೇಲೆ ಹೋಗ್ತದೆ, ಮನುಷ್ಯರಿಗೆ ಕೆಳಗೆ ಜಾಗ ಸಿಗ್ತದೆ. ಒಳ್ಳೆ ವಿಚಾರ. ಮನುಷ್ಯ ಹತ್ತಿ ಬರೋ ಬದಲು ಯಂತ್ರವೇ ಇಳಿದು ಬರಲಿ.

ಇದನ್ನು ಎಂಜಿನಿಯರುಗಳು ದಯೆ ತೋರಿ ಕೊಟ್ಟರು ಅಂದ್ಕೋಬೇಡಿ. ಫ್ರಾನ್ಸಿನ ಗ್ರೆನೋಬಲ್ ಊರಲ್ಲಿ ಹೊಸ ಟ್ರಾಮ್ ಮಾಡೋಕೆ ಹೊರಟಾಗ ಅಲ್ಲಿನ ಅಂಗವಿಕಲರ ಸಂಘಟನೆಗಳು ಪಟ್ಟು ಹಿಡಿದವು, ನಾವು ಹತ್ತಲಾರದ ಟ್ರಾಮ್ ಊರಿಗೆ ಬೇಡ ಅಂತ. 1987ರಲ್ಲಿ ಅಲ್ಲಿ ಓಡೋಕೆ ಶುರುವಾದ ಟ್ರಾಮಿನ ನೆಲ ತಗ್ಗಾಯ್ತು. ಆಮೇಲೆ ಫ್ರಾನ್ಸಿನ ಎಷ್ಟೋ ಊರುಗಳು ಅದನ್ನೇ ನೋಡಿ ಮಾಡಿದವು. ಅಂದ್ರೆ ತಗ್ಗು ನೆಲ ಅನ್ನೋದೇ ಒಂದು ಚಳವಳಿಯ ಫಲ. ನಮ್ಮಲ್ಲಿ ಚೆನ್ನೈನ ಅಂಗವಿಕಲ ಹಕ್ಕುಗಳ ಹೋರಾಟಗಾರರು ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿದ ಮೇಲೆ 2024ರಲ್ಲಿ ಅಲ್ಲಿನ ರಸ್ತೆಗೆ ಮತ್ತೆ ತಗ್ಗು ನೆಲದ ಬಸ್ಸು ಬಂತು.

ಒಂದು ಸಣ್ಣ ಮಾತು, ವಿಷಯ ಬಿಟ್ಟು. ನಾನು ಅಂಗವಿಕಲ ಅಂತ ಬರೆದದ್ದಕ್ಕೆ ಕೆಲವರು ವಿಶೇಷಚೇತನ ಅನ್ನಿ, ದಿವ್ಯಾಂಗ ಅನ್ನಿ ಅಂತ ತಿದ್ದೋಕೆ ಬರ್ತಾರೆ. ನಮಗೂ ಹಿಂದೆ ದೇವರ ಮಕ್ಕಳು ಅಂತ ಹೆಸರಿಟ್ಟಿದ್ರು, ಬಾವಿ ಮಾತ್ರ ಬಿಟ್ಟುಕೊಡಲಿಲ್ಲ. ಹೆಸರಲ್ಲಿ ದಿವ್ಯ ಇಟ್ಟು ಬಾಗಿಲಲ್ಲಿ ಹದಿನೇಳು ಇಂಚು ಇಟ್ಟರೆ ಅದು ಅದೇ ಜಾತಿಯ ಮಾತು.

ಹಾಗಾದ್ರೆ ಟ್ರಾಮ್ ಬರಲಿ, ಚಪ್ಪಾಳೆ ಹೊಡೀತೀನಾ? ಇಲ್ಲ. ನನ್ನ ಜಗಳ ಶುರುವಾಗೋದೇ ಇಲ್ಲಿಂದ.

ಮೊದಲನೇದು, ಇಡೀ ಉತ್ತರ ಕರ್ನಾಟಕದಲ್ಲಿ ನಮ್ಮ ಅವ್ವ ಯಾರ ಕೈನೂ ಕೇಳದೆ ಹತ್ತಿದ ದಾರಿ ಯಾವುದಾದ್ರೂ ಇದ್ರೆ ಅದು ಆ 22 ಕಿಲೋಮೀಟರ್ ದಾರಿ. ಅಲ್ಲಿ ಈಗಾಗಲೇ ಮೆಟ್ಟಿಲಿಲ್ಲ. ಬಿಆರ್‌ಟಿಎಸ್‌ಗೆ ಸಾವಿರ ತಪ್ಪಿವೆ, ಒಪ್ತೀನಿ. ಪಕ್ಕದ ರಸ್ತೆ ಇರುಕು, ಧಾರವಾಡದ ಟೋಲ್ ನಾಕಾ ಹತ್ತಿರ ಮಳೆ ಬಂದ್ರೆ ಕೆರೆ. ಅದನ್ನೆಲ್ಲ ಸರಿ ಮಾಡಿ. ಆದರೆ ಮೆಟ್ಟಿಲಿಲ್ಲದ ಜಾಗಕ್ಕೇ ಇನ್ನೊಮ್ಮೆ ಮೆಟ್ಟಿಲಿಲ್ಲದ ಬಂಡಿ ತರೋಕೆ ದುಡ್ಡಿದೆ, ಮೂರು ಮೆಟ್ಟಿಲಿರೋ ಕಡೆಗೆ ಇಲ್ಲ! ಇನ್ನೊಂದು ತಮಾಷೆ ಕೇಳಿ. ಎತ್ತರದ ಚಿಗರಿಗೆ ಅಂತ ಎತ್ತರಕ್ಕೆ ಕಟ್ಟಿದ ನಿಲ್ದಾಣಗಳ ಮುಂದೆ ತಗ್ಗು ನೆಲದ ಬಂಡಿ ತಂದು ನಿಲ್ಲಿಸಿದ್ರೆ ಏನಾಗ್ತದೆ? ಕಟ್ಟೆ ಮೇಲೆ, ಬಂಡಿ ಕೆಳಗೆ. ಆ ಕಟ್ಟೆಗಳನ್ನು ಒಡೆದು ಹೊಸದು ಕಟ್ಟಬೇಕು. ಕಟ್ಟಿದ ದುಡ್ಡೂ ನಮ್ಮದು, ಒಡೆಯೋ ದುಡ್ಡೂ ನಮ್ಮದು. ಒಡೆಯೋ ಕೂಲಿಗೆ ಬರೋರೂ ಹೆಚ್ಚಾಗಿ ನಮ್ಮವರೇ, ಅದು ಬೇರೆ ಮಾತು.

ಬಂಡಿ ತಗ್ಗಾದ್ರೆ ಸಾಲದು, ನಿಲ್ದಾಣವೂ ಅದಕ್ಕೆ ಹೊಂದಬೇಕು ಅನ್ನೋದಕ್ಕೆ ಆಸ್ಟ್ರೇಲಿಯಾದ ಮೆಲ್ಬರ್ನ್ ಸಾಕ್ಷಿ. ಪ್ರಪಂಚದಲ್ಲೇ ಅತಿ ದೊಡ್ಡ ಟ್ರಾಮ್ ಜಾಲ ಅಲ್ಲಿನದು. ಹೊಸ ತಗ್ಗು ನೆಲದ ಟ್ರಾಮ್ ತಂದ್ರು, ಫೋಟೋ ತೆಗೆಸಿಕೊಂಡ್ರು. ಎಷ್ಟೋ ನಿಲ್ದಾಣಗಳು ಮಾತ್ರ ರಸ್ತೆ ನಡುವಿನ ಬರೀ ಒಂದು ಕಂಬ. ತಗ್ಗು ನೆಲದ ಟ್ರಾಮ್ ಸಮದ ಕಟ್ಟೆಗೆ ಬಂದು ನಿಂತದ್ದು 2018-19ರಲ್ಲಿ ನೂರಕ್ಕೆ 15 ಓಡಾಟದಲ್ಲಿ ಮಾತ್ರ ಅಂತ ಅಲ್ಲಿನ ಆಡಿಟರ್ ಜನರಲ್ 2020ರಲ್ಲಿ ಬರೆದ್ರು. 2022ರ ಕೊನೆಗೆ ಎಲ್ಲಾ ನಿಲ್ದಾಣ ಸರಿಹೋಗಬೇಕು ಅಂತ ಕಾನೂನಿತ್ತು, ಆ ಗಡುವೂ ಜಾರಿಹೋಯ್ತು. ಶ್ರೀಮಂತ ದೇಶದ ಕಥೆ ಇದು. ನಾನೊಬ್ಬ ಗುಮಾಸ್ತ, ಫೈಲು ಹೇಗೆ ಸಾಯ್ತದೆ ಅಂತ ದಿನಾ ನೋಡೋನು. ಬಂಡಿ ಕೊಳ್ಳೋ ಫೈಲು ಓಡ್ತದೆ. ಕಟ್ಟೆ ಕಟ್ಟೋ ಫೈಲು ತೆವಳ್ತದೆ. ಬಂಡಿಗೆ ರಿಬ್ಬನ್ ಕಟ್ಟಿ ಕತ್ತರಿಸಬಹುದು, ಒಂದು ಅಡಿ ಎತ್ತರದ ಕಟ್ಟೆಗೆ ಯಾವ ಮಂತ್ರಿ ಬರ್ತಾನೆ?

ಎರಡನೇದು, ಇದಕ್ಕಿಂತ ದೊಡ್ಡದು. ತಗ್ಗು ನೆಲ ನಮ್ಮ ರಾಜ್ಯಕ್ಕೆ ಹೊಸದಲ್ಲ. 2006ರಲ್ಲೇ ಬೆಂಗಳೂರಿಗೆ ತಗ್ಗು ನೆಲದ ವೋಲ್ವೋ ಬಂತು. ಮುಂದೆ ಅದಕ್ಕೆ ಇಟ್ಟ ಹೆಸರು ವಜ್ರ. ನಮ್ಮೂರ ಹೆಸರಲ್ಲೂ ವಜ್ರ ಇದೆ, ಆದರೆ ವಜ್ರ ಬಂದದ್ದು ಐಟಿ ಕಂಪನಿಗಳ ರಸ್ತೆಗೆ. ಎಸಿ ಹಾಕಿ, ಟಿಕೆಟ್ ದುಬಾರಿ ಮಾಡಿ, ಸೂಟುಬೂಟಿನವರು ಕಾರು ಬಿಟ್ಟು ಬರಲಿ ಅಂತ ಬಿಟ್ಟ ಬಸ್ಸು ಅದು. ಯಾರ ಮೊಣಕಾಲು ನೋವಿಗೆ ತಗ್ಗು ನೆಲ ಬೇಕಿತ್ತೋ ಆ ಮುದುಕಿ, ಆ ಗಾರ್ಮೆಂಟ್ಸ್ ಹೆಂಗಸು, ಆ ಬಸುರಿ ಮೂರು ಮೆಟ್ಟಿಲಿನ ಬಸ್ಸಲ್ಲೇ ಹತ್ತಿ ಇಳಿದ್ರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಬೇಡ ಅಂದ್ರು. ನಮ್ಮ ಕೇರಿಯ ಹೆಂಗಸರು ಆ ಬಸ್ಸಲ್ಲಿ ಎಲ್ಲೆಲ್ಲಿಗೆ ಹೋಗಿಬಂದ್ರು ಅಂತ ನಾನೇ ಕಂಡಿದ್ದೀನಿ. ಆದರೆ ವಜ್ರಕ್ಕೆ ಶಕ್ತಿ ಇಲ್ಲ. ಬಿಟ್ಟಿ ಬೇಕಾದ್ರೆ ಮೆಟ್ಟಿಲು ಹತ್ತು, ಮೆಟ್ಟಿಲು ಬೇಡಾದ್ರೆ ದುಡ್ಡು ಬಿಚ್ಚು ಅನ್ನೋದೇ ಇದರ ಅರ್ಥ. ನಾಳೆ ಬರೋ ಟ್ರಾಮಿಗೆ ಶಕ್ತಿ ಇರ್ತದಾ? ಮೊದಲು ಅದನ್ನು ಬರೆದು ಕೊಡಲಿ.

ತಗ್ಗು ನೆಲ ಅಂದ್ರೆ ಎಸಿ ಇರಲೇಬೇಕು ಅಂತೇನಿಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದಿಲ್ಲಿಯಲ್ಲಿ ಎಸಿ ಇಲ್ಲದ ಹಸಿರು ಬಣ್ಣದ ತಗ್ಗು ನೆಲದ ಬಸ್ಸು ಸಾವಿರಗಟ್ಟಲೆ ಓಡ್ತಿದ್ದವು, ಸಾಧಾರಣ ಟಿಕೆಟ್ಟಿಗೆ. ದಿಲ್ಲಿಯ ಕೂಲಿಯವನಿಗೆ ಆದದ್ದು ಕರ್ನಾಟಕದ ಕೂಲಿಯವನಿಗೆ ಯಾಕಾಗಲ್ಲ?

ಮೂರನೇದು ನೌಕರಿ. ಇದನ್ನು ನಮ್ಮ ಯುವಕರು ಗಮನ ಇಟ್ಟು ಓದಬೇಕು. ನಮ್ಮ ಕೇರಿಗಳಲ್ಲಿ ಮೊದಲ ಸರ್ಕಾರಿ ಸಂಬಳ ತಂದವರು ಯಾರು ಅಂತ ಲೆಕ್ಕ ಹಾಕಿ. ಒಬ್ಬ ಮಾಸ್ತರ, ಒಬ್ಬ ಪೊಲೀಸ್, ಇಲ್ಲಾ ಒಬ್ಬ ಬಸ್ ಕಂಡಕ್ಟರ್. ಸಾರಿಗೆ ನಿಗಮದ ಖಾಕಿ ಅಂಗಿ ಎಷ್ಟು ಮನೆಗಳ ಒಲೆ ಹಚ್ಚಿದೆ. ಅದು ಮೀಸಲಾತಿಯಿಂದ ಬಂದ ಅಂಗಿ. ಈಗ ಬೆಂಗಳೂರಿನ ಕರೆಂಟು ಬಸ್ಸುಗಳನ್ನು ನೋಡಿ. ಬಸ್ಸು ಕಂಪನಿಯದ್ದು, ಡ್ರೈವರ್ ಕಂಪನಿಯವನು, ಕಂಡಕ್ಟರ್ ಒಬ್ಬ ಮಾತ್ರ ನಿಗಮದವನು. ಕಿಲೋಮೀಟರಿಗೆ ಇಷ್ಟು ಅಂತ ನಿಗಮ ಕಂಪನಿಗೆ ದುಡ್ಡು ಕಟ್ಟುತ್ತೆ. ಕಂಪನಿಯ ಡ್ರೈವರ್ ನೇಮಕಕ್ಕೆ ಪರಿಶಿಷ್ಟ ಜಾತಿಯ 17 ಇಲ್ಲ, ಪಂಗಡದ 7 ಇಲ್ಲ, ರೋಸ್ಟರ್ ಇಲ್ಲ. ಟ್ರಾಮೂ ಇದೇ ದಾರಿಯಲ್ಲಿ ಬಂದ್ರೆ ಇನ್ನೂರು ಜನ ಹಿಡಿಯೋ ಒಂದು ಬಂಡಿ ಮೂರು ಬಸ್ಸಿನ ಕೆಲಸ ಮಾಡ್ತದೆ, ಮೂರು ಡ್ರೈವರ್ ಜಾಗದಲ್ಲಿ ಒಬ್ಬ, ಅವನೂ ಗುತ್ತಿಗೆಯವನು. ಟ್ರಾಮಿನ ಒಳಗೆ ಹತ್ತೋಕೆ ನಮಗೆ ಮೆಟ್ಟಿಲಿಲ್ಲ, ಸರಿ. ಅದರ ನೌಕರಿಗೆ ಹತ್ತೋಕೆ ಎಷ್ಟು ಮೆಟ್ಟಿಲು? ಒಳಗೆ ಕಸ ಗುಡಿಸೋಕೆ ಮಾತ್ರ ನಮ್ಮವರನ್ನು ಹುಡುಕ್ಕೊಂಡು ಬರ್ತಾರೆ. ಅದಕ್ಕೆ ಯಾವ ರೋಸ್ಟರೂ ಬೇಕಾಗಲ್ಲ.

ದುಡ್ಡಿನ ಬಗ್ಗೆ ಒಂದೇ ಮಾತು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಅದರೊಳಗೆ 7(ಡಿ) ಅನ್ನೋ ಕಿಂಡಿ ಇಟ್ಟು, ಎಲ್ಲರಿಗೂ ಆಗೋ ರಸ್ತೆ-ಕಟ್ಟಡದ ಖರ್ಚಲ್ಲಿ ಒಂದು ಪಾಲನ್ನು ನಮ್ಮ ಲೆಕ್ಕಕ್ಕೆ ಬರೆದ್ರು. ಹೋರಾಟ ಮಾಡಿ 2023ರಲ್ಲಿ ಆ ಕಿಂಡಿ ಮುಚ್ಚಿಸಿದ್ವಿ. ಅದೇ ವರ್ಷ ಗ್ಯಾರಂಟಿಗಳಿಗೆ ಅಂತ ಅದೇ ನಿಧಿಯಿಂದ 11 ಸಾವಿರ ಕೋಟಿಗೂ ಮಿಕ್ಕಿ ತೆಗೆದ್ರು. ನಾಳೆ ಟ್ರಾಮಲ್ಲಿ ದಲಿತರೂ ಓಡಾಡ್ತಾರೆ ಅಂತ ಅದರ ಬಿಲ್ಲಲ್ಲೂ ನಮ್ಮ ಪಾಲು ಕಡಿದ್ರೆ ಆಶ್ಚರ್ಯಪಡಬೇಡಿ. ಈಗಲೇ ಕಣ್ಣಿಟ್ಟಿರಿ.

ಹಳ್ಳಿ ಬಸ್ಸಿನ ಮೆಟ್ಟಿಲು ತಗ್ಗಿಸಿ ಅಂತ ನಾನು ಕೊಟ್ಟ ಅರ್ಜಿಗೆ ಒಂದು ಕಚೇರಿಯಿಂದ ಬಂದ ಉತ್ತರದ ಸಾರಾಂಶ ಇಷ್ಟು: ಗ್ರಾಮೀಣ ರಸ್ತೆ ಸರಿಯಿಲ್ಲ, ತಗ್ಗು ನೆಲದ ವಾಹನ ತಾಂತ್ರಿಕವಾಗಿ ಸಾಧ್ಯವಿಲ್ಲ. ನಮ್ಮ ರಸ್ತೆ ಸರಿಯಿಲ್ಲ ಅಂತ ನಮಗೇ ಕಾಗದ ಬರೆದು ತಿಳಿಸಿದ್ರು! ನಿಜವಿದೆ, ನಮ್ಮ ಘಟ್ಟದ ಕೆಳಗಿನ ರಸ್ತೆಗಳಲ್ಲಿ ಬೆಂಗಳೂರಿನ ವಜ್ರ ಓಡಲ್ಲ, ಹೊಟ್ಟೆ ತಾಗ್ತದೆ. 2021ರ ಜುಲೈ ಮಳೆಗೆ ಕಳಚೆಯಲ್ಲಿ ಗುಡ್ಡವೇ ಕುಸಿದು ರಸ್ತೆ ಇಲ್ಲದೆ ಕೂತವರು ನಾವು, ನಮಗೆ ರಸ್ತೆ ಗೊತ್ತು. ಆದರೆ ಕೇಂದ್ರ ಸರ್ಕಾರದ್ದೇ ನಗರ ಬಸ್ಸಿನ ಮಾನದಂಡ ಇದೆ. ಅದರಲ್ಲಿ 400 ಮಿಲಿಮೀಟರ್ ನೆಲದ ಬಸ್ಸೂ ಇದೆ, ಅರೆ ತಗ್ಗು ಅಂತ 650ರದ್ದೂ ಇದೆ. 650ರದ್ದು ಒಂದು ಮೆಟ್ಟಿಲು ಕಮ್ಮಿ ಮಾಡ್ತದೆ. ಅದೂ ಆಗಲ್ಲವಾ? ಹಾಗಾದ್ರೆ ಬಸ್ಸು ಮುಟ್ಟಬೇಡಿ, ಕಟ್ಟೆ ಕಟ್ಟಿ. ಚಿಗರಿಯಲ್ಲಿ ಮಾಡಿದ್ದು ಅದನ್ನೇ ತಾನೇ? ಬಸ್ಸು ನಿಲ್ಲೋ ಜಾಗದಲ್ಲಿ ಒಂದು ಅಡಿ ಎತ್ತರದ, ಇಳಿಜಾರು ದಾರಿ ಇರೋ ಕಲ್ಲಿನ ಕಟ್ಟೆ. ಹದಿನೇಳು ಇಂಚು ಐದಾಗ್ತದೆ. ನಮ್ಮೂರ ಕಲ್ಲುಕಟ್ಟೋ ಕೆಲಸದವರಿಗೆ ಎರಡು ದಿನದ ಕೆಲಸ. ಪಂಚಾಯ್ತಿಗಳು ಅಂಗವಿಕಲರಿಗೆ ಅಂತ ನೂರಕ್ಕೆ 5 ಎತ್ತಿಡಬೇಕು ಅನ್ನೋ ನಿಯಮ ಇದೆಯಲ್ಲ, ಅದರಲ್ಲಿ ವರ್ಷವರ್ಷ ಏನೇನು ಕೊಂಡ್ರಿ ಅಂತ ಲೆಕ್ಕ ಕೇಳೋಣ. ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ ಇದಕ್ಕೆ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಸಾರಿಗೆಯ ಬಗ್ಗೆಯೇ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಪ್ರವೇಶದ ಮಾನದಂಡಗಳು ಬರೀ ಸಲಹೆ ಆಗಬಾರದು, ಕಡ್ಡಾಯ ಆಗಬೇಕು ಅಂತ ಕೇಂದ್ರಕ್ಕೆ ಹೇಳಿದೆ. ಆ ಕಾಯ್ದೆಯಲ್ಲಿ ನಗರದ ಅಂಗವಿಕಲರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ, ನಾನು ಹುಡುಕಿದ್ದೀನಿ.

ನಮ್ಮ ಮೇಲೂ ಒಂದು ದೂರಿದೆ ನನಗೆ. ಅಂಗವಿಕಲರ ಸಂಘಟನೆಗಳು ಒಂದು ಕಡೆ, ನಾವು ಒಂದು ಕಡೆ. ಅವರ ಸಭೆಯಲ್ಲಿ ಜಾತಿ ಮಾತಾಡಲ್ಲ, ನಮ್ಮ ಸಭೆಯಲ್ಲಿ ಕುಂಟರ ಮಾತಿಲ್ಲ. ನಮ್ಮ ತಾಲೂಕಿನ ಕಳೆದ ಅಂಬೇಡ್ಕರ್ ಜಯಂತಿಯ ವೇದಿಕೆಗೆ ಎಷ್ಟು ಮೆಟ್ಟಿಲಿದ್ದವು? ಆರು. ನಮ್ಮದೇ ಕೇರಿಯ, ಪೋಲಿಯೋ ಆದ ಒಬ್ಬ ಹಿರಿಯರಿಗೆ ಕೆಳಗೆ ಕುರ್ಚಿ ಹಾಕಿ ಶಾಲು ಹೊದಿಸಿದ್ವಿ. ಶಾಮಿಯಾನ ಕಟ್ಟಿಸಿದವನು ನಾನೇ. ಆವತ್ತು ಹೊಳೀಲಿಲ್ಲ.

ಸ್ಮಶಾನ ಕೇಳಿದ ಗೆಳೆಯನಿಗೆ: ಸ್ಮಶಾನದ ಅರ್ಜಿಗೆ ಮೊದಲ ಸಹಿ ನನ್ನದೇ ಇದೆ, ಇನ್ನೊಮ್ಮೆ ತಹಶೀಲ್ದಾರರ ಹತ್ತಿರ ಹೋಗೋಣ. ಆದರೆ ಸತ್ತ ಮೇಲೆ ಹೊರೋಕೆ ನಾಲ್ಕು ಹೆಗಲು ಹೇಗೋ ಸಿಗ್ತವೆ. ಬದುಕಿದ್ದಾಗ ಬಸ್ಸು ಹತ್ತೋಕೆ ಒಂದು ಕೈ ಸಿಗದವರ ವಿಷಯ ನಾನು ಮಾತಾಡ್ತಿರೋದು.

ಮುಂದಿನ ತಿಂಗಳು ನಾವು ಕೆಲವರು ಸೇರಿ ಯಲ್ಲಾಪುರದಲ್ಲಿ ಒಂದು ಮನವಿ ಕೊಡೋಕೆ ಹೊರಟಿದ್ದೀವಿ. ಬಸ್ಸು ನಿಲ್ಲೋ ಕಡೆಗಳಲ್ಲಿ ಕಟ್ಟೆ ಬೇಕು. ಹಳ್ಳಿಗೆ ಇನ್ನು ಮೇಲೆ ಕೊಳ್ಳೋ ಬಸ್ಸಿನ ನೆಲ ತಗ್ಗಿರಬೇಕು. ಹುಬ್ಬಳ್ಳಿಗೆ ಟ್ರಾಮ್ ಬಂದ್ರೆ ಅದಕ್ಕೆ ಶಕ್ತಿ ಇರಬೇಕು, ಡ್ರೈವರ್ ನೇಮಕಕ್ಕೆ ರೋಸ್ಟರ್ ಇರಬೇಕು, ಮೀಸಲು ನಿಧಿಯ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು. ಬರೀ ಬಾಯಿಮಾತಲ್ಲಿ ಹೇಳಿದ್ರೆ ತಾಂತ್ರಿಕ ಅಂತಾರೆ, ಅದಕ್ಕೆ ಅಳತೆ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಎಲ್ಲೇ ಇದ್ರೂ ಸರಿ, ನಾಳೆ ನಿಮ್ಮೂರಿಗೆ ಬರೋ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಇಂಚು ಅಂತ ಅಳೆದು, ಊರ ಹೆಸರು, ಬಸ್ಸಿನ ಹೊತ್ತು ಸಮೇತ ಕೆಳಗೆ ಹಾಕಿ. ಸಾಧ್ಯ ಆದ್ರೆ ಫೋಟೋ. ಹತ್ತೋರ ಮುಖ ಬರೋದು ಬೇಡ, ಮೆಟ್ಟಿಲು ಮಾತ್ರ. ಟೇಪು ಇಲ್ಲದಿದ್ರೆ ಗೇಣಲ್ಲಿ ಅಳೀರಿ. ಡ್ರೈವರ್ ನಗ್ತಾನೆ, ನಗಲಿ.

ಜೈಭೀಮ್.